ಏಳು ವರ್ಷದ ಮಗುವನ್ನು ಸ್ಕೌಟ್ ಶಿಬಿರಕ್ಕೆ ಕಳಿಸಬಹುದಾ? ಅಲ್ಲಿ ಏನೇನು ಮಾಡಿಸ್ತಾರೆ?

ಧಾರಾಳವಾಗಿ ಕಳಿಸಬಹುದು. ಆದರೆ ಈ ವಯಸ್ಸಿನವರು ಸಾಮಾನ್ಯವಾಗಿ ಕಬ್‌ಗಳು, ಅಂದರೆ ಸ್ಕೌಟ್‌ನ ಚಿಕ್ಕ ಮಕ್ಕಳ ವಿಭಾಗದವರು, ಅಥವಾ ಅದಕ್ಕೂ ಚಿಕ್ಕ ಗುಂಪಿನವರು. 1907ರಲ್ಲಿ ಸ್ಕೌಟ್ ಚಳವಳಿ ಶುರುಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರ ದೊಡ್ಡ ಹುಡುಗರದ್ದು. ಚಿಕ್ಕವರಿಗೆ ಅಂತಲೇ ಕಬ್ ವಿಭಾಗ ಶುರುವಾಗಿದ್ದು 1916ರಲ್ಲಿ.

ಇಲ್ಲಿ ಆಟವೇ ಪಾಠ. ಆರಾರು ಮಕ್ಕಳ ತಂಡ, ಅದಕ್ಕೊಬ್ಬ ಪುಟ್ಟ ನಾಯಕ. ಎರಡು ಬಣ್ಣದ ಹಗ್ಗ ಕೊಟ್ಟು ರೀಫ್ ಗಂಟು ಕಲಿಸುತ್ತಾರೆ: ಬಲದ್ದು ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ತಪ್ಪಿದರೆ ಗಂಟು ಜಾರುತ್ತದೆ, ಮಗುವಿಗೇ ಗೊತ್ತಾಗುತ್ತದೆ. ಯಾರೂ ಬೈಯಬೇಕಿಲ್ಲ, ಅಲ್ವಾ? ಎಲೆ ಗುರುತಿಸುವುದು, ದಿಕ್ಕು ಹುಡುಕುವುದು, ಚಿಕ್ಕ ಗಾಯಕ್ಕೆ ಪಟ್ಟಿ ಕಟ್ಟುವುದು, ಬೆಂಕಿ ಸುತ್ತ ಹಾಡು ಎಲ್ಲ ಇರುತ್ತದೆ.

ಮೊದಲು ಹಗಲಿನ ಶಿಬಿರ, ಆಮೇಲೆ ಕಟ್ಟಡದೊಳಗೆ ಒಂದು ರಾತ್ರಿ, ಕೊನೆಗೆ ಟೆಂಟ್. ಈ ಕ್ರಮ ನನಗೆ ತುಂಬಾ ಸರಿ ಅನ್ನಿಸುತ್ತದೆ. ಸುಮ್ನೆ ಅವಸರ ಮಾಡಬೇಡಿ. ಬ್ಯಾಗನ್ನು ಮಗುವೇ ತುಂಬಲಿ. ನೀವು ತುಂಬಿದರೆ ಟಾರ್ಚ್ ಎಲ್ಲಿದೆ ಅಂತ ರಾತ್ರಿ ಅದಕ್ಕೆ ಸಿಗುವುದಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಇಷ್ಟು ಕೇಳಿ: ಎಷ್ಟು ಮಕ್ಕಳಿಗೆ ಒಬ್ಬ ದೊಡ್ಡವರು? ಅವರ ಹಿನ್ನೆಲೆ ಪರಿಶೀಲಿಸಿದ್ದಾರಾ? ದೊಡ್ಡವರು ಬೇರೆ ಮಲಗುತ್ತಾರಾ? ಔಷಧಿ, ಅಲರ್ಜಿ ವಿಷಯವನ್ನು ಬರೆದೇ ಕೊಡಿ.