ಓದುಗರ ಪ್ರಶ್ನೆ: ಹಸಿರು ಮನೆಯ ಅಂಕ ಯಾವ ಊರಿನದು?

ಪ್ರಶ್ನೆ: ಊರಲ್ಲಿ 1000 ಚದರಡಿಯ ಮನೆ ಕಟ್ಟಿಸುತ್ತಿದ್ದೇವೆ. ಕೆಂಪುಕಲ್ಲಿನ ಗೋಡೆ, ಮೇಲೆ ಹೆಂಚು. ಗ್ರೀನ್ ಸರ್ಟಿಫಿಕೇಟ್ ಬೇಕಾದರೆ ಡಬಲ್ ಗ್ಲಾಸ್ ಕಿಟಕಿ ಹಾಕಿಸಿ ಅಂತಾರೆ ಎಂಜಿನಿಯರ್. ಹಾಕಿಸಬೇಕಾ? – ಓದುಗರು, ಪುತ್ತೂರು

ಉತ್ತರ: ಬೇಡ. ಡಬಲ್ ಗ್ಲಾಸ್‌ನಿಂದ ಲಾಭ ಆಗುವುದು ಕಿಟಕಿ ಮುಚ್ಚಿ ಒಳಗೆ ಎಸಿಯನ್ನೋ ಹೀಟರನ್ನೋ ಹಾಕಿಕೊಂಡು ಕೂತವರಿಗೆ. ನಿಮ್ಮೂರಲ್ಲಿ ಏಪ್ರಿಲ್ ಸೆಕೆಗೆ ಕಿಟಕಿ ಮುಚ್ಚಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾ? ಕರಾವಳಿಯಲ್ಲಿ ಬೆವರು ಆರಬೇಕು, ಅದಕ್ಕೆ ಗಾಳಿ ಆಡಬೇಕು, ಅಷ್ಟೇ.

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತಾ ಅಂತ ಒಂದು ನಿಯಮ ಇದೆ. ಅದು ದೊಡ್ಡ ಸೈಟಿನ ವಸತಿ ಕಟ್ಟಡಗಳಿಗೆ ಮಾಡಿದ್ದು, ಆದರೆ ಅದರ ಲೆಕ್ಕ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ. ಕರಾವಳಿಯಂಥ ಬಿಸಿ-ತೇವದ ಹವೆಯಲ್ಲಿ, ಮನೆಯ ಕಾರ್ಪೆಟ್ ಏರಿಯಾದ (ಗೋಡೆ ಬಿಟ್ಟು ಒಳಗಿನ ನೆಲದ) ಕನಿಷ್ಠ ಶೇ 16.66ರಷ್ಟು ಜಾಗ ಹೊರಗಡೆಗೆ ತೆರೆಯುವಂತಿರಬೇಕು ಅನ್ನುತ್ತದೆ ಅದು. ನಿಮ್ಮ 1000 ಚದರಡಿಯೂ ಕಾರ್ಪೆಟ್ ಏರಿಯಾ ಅಂತ ಹಿಡಿದರೆ ಸುಮಾರು 167 ಚದರಡಿ. ಜಗುಲಿಗೆ ತೆರೆಯುವ ಕಿಟಕಿಯೂ ಇದರಲ್ಲಿ ಸೇರುತ್ತದೆ, ನೆಲಮಹಡಿಯ ಹೊರಬಾಗಿಲು ಸೇರುವುದಿಲ್ಲ. ಒಂದು ವಿಷಯ ಮಾತ್ರ ನೆನಪಿಡಿ, ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಹಾಕಿಸಿದರೆ ತೆರೆಯುವುದು ಅರ್ಧ ಮಾತ್ರ, 20 ಚದರಡಿಯ ಕಿಟಕಿಗೆ 10 ಅಂತಲೇ ಲೆಕ್ಕ ಹಿಡಿಯಬೇಕು. ಹಳೇ ಕಾಲದ ಎರಡೂ ಕಡೆ ತೆರೆಯುವ ಮರದ ಕಿಟಕಿಯೇ ಇಲ್ಲಿ ಗೆಲ್ಲುತ್ತದೆ.

ಹಾಗಂತ ಕೆಂಪುಕಲ್ಲು ಹಾಕಿದ ತಕ್ಷಣ ಮನೆ ತಂಪಾಗಿಬಿಡುತ್ತದೆ ಅಂದುಕೊಳ್ಳಬೇಡಿ. ಹತ್ತಿರದ ಕ್ವಾರಿಯದಾದರೆ ಲಾರಿಯ ಡೀಸೆಲ್ ಉಳಿಯುತ್ತದೆ ನಿಜ. ಆದರೆ ದಪ್ಪ ಗೋಡೆ ಹಗಲು ಬಿಸಿಲು ಕುಡಿದು ರಾತ್ರಿ ಹೊರಗೆ ಬಿಡುತ್ತದೆ, ನಿಮ್ಮಲ್ಲಿ ರಾತ್ರಿಯೂ ತಂಪಿಲ್ಲ. ಮಾಡಿನ ಸೂರು ಉದ್ದ ಇಳಿಸಿ ಗೋಡೆಗೆ ಬಿಸಿಲೇ ತಾಗದಂತೆ ಮಾಡಿ. ಹಳೇ ಮನೆಗಳು ಸಹಿಸುವಂತಿದ್ದದ್ದು ಅದರಿಂದಲೇ.

ಪ್ರಶ್ನೆ: ಬೆಂಗಳೂರಿನಲ್ಲಿ ತಮ್ಮ ಕಟ್ಟಿಸಿದ ಮನೆಗೆ ಗ್ರೀನ್ ರೇಟಿಂಗ್ ಸಿಕ್ಕಿದೆ. ಅದೇ ಪ್ಲ್ಯಾನ್ ಇಲ್ಲಿ ಕಟ್ಟಿಸಬಹುದೇ? – ಓದುಗರು, ಕಲಬುರಗಿ

ಉತ್ತರ: ಕೋಣೆಗಳ ಜೋಡಣೆ ಬೇಕಾದರೆ ತೆಗೆದುಕೊಳ್ಳಿ, ಕಿಟಕಿ ಮತ್ತು ಛಾವಣಿ ಮಾತ್ರ ಬೇಡ. ನಿಮ್ಮಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿ ಒಣ. ಮೇಲೆ ಹೇಳಿದ ನಿಯಮವೇ ಬಿಸಿ-ಒಣ ಹವೆಗೆ ಶೇ 10 ಸಾಕು ಅನ್ನುತ್ತದೆ, ಯಾಕೆಂದರೆ ಮಧ್ಯಾಹ್ನದ ಗಾಳಿ ಒಳಗೆ ಬಂದಷ್ಟೂ ತೊಂದರೆ. ಪುತ್ತೂರಿನವರಿಗೆ ತಂಪು ಕೊಡದು ಅಂದ ದಪ್ಪ ಗೋಡೆ ನಿಮಗೆ ಬೇಕು. ಹಗಲು ಮುಚ್ಚಿಡಿ, ರಾತ್ರಿ ತೆರೆದಿಡಿ. ಟೆರೇಸಿಗೆ ಬಿಳಿ ಟೈಲ್ಸ್ ಚೂರು ಹಾಕಿಸಿ, ಇಲ್ಲವೇ ಬಿಳಿ ಬಣ್ಣವನ್ನಾದರೂ ಬಳಿಸಿ. ಎಸಿಗೆ ಮೊದಲು ಕೂಲರ್ ನೋಡಿ. ಗಾಳಿ ಒಣಗಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಲ್ಲಿ ಅದೇ ಕೂಲರ್ ಸುಮ್ನೆ ದಂಡ.

ಪ್ರಶ್ನೆ: ಲೀಡ್, ಐಜಿಬಿಸಿ, ಗೃಹ ಅಂತೆಲ್ಲ ಜಾಹೀರಾತಿನಲ್ಲಿ ನೋಡುತ್ತೇನೆ. 'ಪ್ಲಾಟಿನಂ' ಫ್ಲ್ಯಾಟ್ ತಗೊಂಡರೆ ಕರೆಂಟ್ ಬಿಲ್ ಕಮ್ಮಿ ಬರುತ್ತಾ? – ಓದುಗರು, ಬೆಂಗಳೂರು

ಉತ್ತರ: ಬಂದರೂ ಬರಬಹುದು, ಬೋರ್ಡ್ ನೋಡಿ ಹೇಳಲಾಗುವುದಿಲ್ಲ. ಇವೆಲ್ಲ ಕಟ್ಟಡ ಎಷ್ಟು 'ಹಸಿರು' ಅಂತ ಅಂಕ ಕೊಡುವ ರೇಟಿಂಗ್‌ಗಳು. ಲೀಡ್ ಅಮೆರಿಕದಲ್ಲಿ 2000ದಲ್ಲಿ ಶುರುವಾಯಿತು. ಅದರ ಮೊದಲ ವರ್ಷಗಳ ಲೆಕ್ಕದಲ್ಲಿ 500 ಮೈಲಿ, ಅಂದರೆ 800 ಕಿ.ಮೀ. ಒಳಗೆ ಸಿಕ್ಕಿದ್ದೆಲ್ಲ ಸ್ಥಳೀಯ ಸಾಮಗ್ರಿ. ಆ ದೇಶದ ಅಗಲಕ್ಕೆ ಅದು ಸರಿ ಇರಬಹುದು, ನಮಗೆ ಹೈದರಾಬಾದ್, ಚೆನ್ನೈ, ಗೋವಾ ಎಲ್ಲವೂ 'ಲೋಕಲ್' ಆಗಿಬಿಡುತ್ತವೆ! 2009ರ ಆವೃತ್ತಿಯಲ್ಲಿ ಆಯಾ ಪ್ರದೇಶದ ಸಮಸ್ಯೆಗಳಿಗೆ ಅಂತ 110ರಲ್ಲಿ 4 ಅಂಕ ಇಟ್ಟರು. ಊಟಕ್ಕೆ ಉಪ್ಪಿನಕಾಯಿ ಇಟ್ಟ ಹಾಗೆ. ನನ್ನ ಪ್ರಕಾರ ಊರಿನ ಹವೆ, ನೀರು ನೋಡಿ ಆಮೇಲೆ ಉಳಿದ ಅಂಕ ಹಂಚಬೇಕಿತ್ತು.

ನಮ್ಮಲ್ಲಿ ಐಜಿಬಿಸಿ (ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್) ಲೀಡನ್ನು ಭಾರತಕ್ಕೆ ಹೊಂದಿಸಿಕೊಂಡು ಶುರು ಮಾಡಿ, ಆಮೇಲೆ ತನ್ನದೇ ರೇಟಿಂಗ್‌ಗಳನ್ನು ತಂದಿತು. ಟೆರಿ ಅನ್ನುವ ಸಂಶೋಧನಾ ಸಂಸ್ಥೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಜೊತೆ ಸೇರಿ 'ಗೃಹ' ಮಾಡಿತು. ಎಸಿ ಇಲ್ಲದ ಕಟ್ಟಡವನ್ನೂ ಲೆಕ್ಕಕ್ಕೆ ತಗೊಳ್ಳುವುದು ಗೃಹದ ಒಳ್ಳೇ ಗುಣ, ನಮ್ಮಲ್ಲಿ ಜಾಸ್ತಿ ಮನೆಗಳು ಅಂಥವೇ ಅಲ್ವಾ?

ಬಿಲ್ಡರ್ ಹತ್ತಿರ ಮೊದಲು ಕೇಳಬೇಕಾದ್ದು, ಇದು ಪ್ರೀ-ಸರ್ಟಿಫಿಕೇಟಾ, ಕೊನೆಯ ಸರ್ಟಿಫಿಕೇಟಾ ಅಂತ. ಮೊದಲನೆಯದು ನಕ್ಷೆ ನೋಡಿ ಕೊಡುವುದು. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ನೀರಿಗೆ ಫ್ಲಶ್‌ವರೆಗೆ ಬೇರೆ ಪೈಪ್ ಎಳೆದಿದ್ದಾರಾ, ಆ ಘಟಕ ನಡೆಸುವ ಖರ್ಚು ಮೇಂಟೆನೆನ್ಸ್‌ನಲ್ಲಿ ಸೇರಿದೆಯಾ ಅಂತಲೂ ಕೇಳಿ. ಇನ್ನು ಬಿಲ್ಲಿನ ವಿಷಯ. ಪಶ್ಚಿಮಕ್ಕೆ ಬೆಡ್‌ರೂಂ, ಅದಕ್ಕೆ ದೊಡ್ಡ ಗಾಜು ಇದ್ದರೆ ಸಾಯಂಕಾಲ 4ಕ್ಕೆ ಹೋಗಿ ಹತ್ತು ನಿಮಿಷ ಫ್ಯಾನ್ ಇಲ್ಲದೆ ಒಳಗೆ ನಿಂತು ನೋಡಿ. ಅವರು ಬೆಳಗ್ಗೆ 10ಕ್ಕೇ ಬನ್ನಿ ಅಂತಾರೆ, ಒಪ್ಪಬೇಡಿ.