ಯುಗಾದಿ ಹೊತ್ತಿನ ಕಾಡು: ತಲೆ ಎತ್ತುವ ಮೊದಲು ನೆಲ ನೋಡಿ

ಪ್ರಶ್ನೆ: ಯುಗಾದಿ ರಜೆಗೆ ಗೆಳೆಯರೆಲ್ಲ ಸೇರಿ ಶಿರಸಿ, ಹಳಿಯಾಳದ ಕಡೆ ಕಾಡಿನ ಹೂಗಳನ್ನು ನೋಡಲು ಹೋಗಬೇಕೆಂದಿದ್ದೇವೆ. ಹೋದ ವರ್ಷ ಹೋದಾಗ ಎಲ್ಲ ಕೆಂಪು ಹೂವೂ ಒಂದೇ ಥರ ಕಂಡವು. ಜೊತೆಗೊಂದು ಬಿಳಿ ಹೂವಿನ ಫೋಟೊ ಕಳಿಸಿದ್ದೇನೆ. ಮೊಬೈಲ್ ಆ್ಯಪ್ ಅದನ್ನು ಕೊಡಸಿಗೆ ಮರದ ಹೂ ಎಂದಿತು. ಸರಿಯೇ? ಹೂ ಗುರುತಿಸೋದು ಕಲಿಯುವುದು ಹೇಗೆ?

ಉತ್ತರ: ಹುಲ್ಲಿನ ನಡುವೆ ಹಾಸಿದಂತೆ ಹೂ ಸಿಗುತ್ತದೆ ಎಂದುಕೊಂಡಿದ್ದರೆ ಅದು ಮಳೆಗಾಲದ ಮಾತು. ನಮ್ಮ ಕಾಡಿನಲ್ಲಿ ಈಗ ಹೂ ಇರೋದು ಮರದ ಮೇಲೆ, ಅದೂ ಜಾಸ್ತಿ ಎತ್ತರದಲ್ಲಿ. ಹಾಗಾಗಿ ಮೊದಲು ಕಾಲಡಿ ನೋಡಿ. ಉದುರಿದ ಹೂ ಸಿಕ್ಕರೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಆಮೇಲೆ ತಲೆ ಎತ್ತಿ.

ಹಳಿಯಾಳ, ಮುಂಡಗೋಡದ ಕಡೆಯ ಎಲೆ ಉದುರಿಸುವ ಕಾಡಲ್ಲಿ ನಿಮ್ಮನ್ನು ಗೊಂದಲಕ್ಕೆ ಹಾಕುವ ಕೆಂಪು ಹೂ ಮುಖ್ಯವಾಗಿ ಮೂರು. ಬೂರುಗದ್ದು ಸುಲಭ. ಐದು ದಪ್ಪ ಎಸಳು, ನಡುವೆ ಕೇಸರಗಳ ಗೊಂಚಲು, ಕೈಯಲ್ಲಿ ಹಿಡಿದರೆ ಭಾರ. ಬಿದ್ದ ಹೂವನ್ನು ಜಿಂಕೆಗಳು ಬಂದು ತಿನ್ನುತ್ತವೆ. ಎಳೆ ಮರದ ಕಾಂಡದ ಮೇಲೆ ಗೋಪುರದಂಥ ಮುಳ್ಳುಗಳಿರುತ್ತವೆ.

ಮುತ್ತುಗ ಮತ್ತು ಹಾಲುವಾಣ ಮಾತ್ರ ಎಂಥವರನ್ನೂ ಏಮಾರಿಸುತ್ತವೆ. ಎರಡೂ ಅವರೆ ಜಾತಿಯವು, ಎರಡಕ್ಕೂ ಮೂರು ಮೂರು ಎಲೆ, ಎರಡೂ ಬೋಳು ಕೊಂಬೆಯಲ್ಲಿ ಹೂ ಬಿಡುತ್ತವೆ. ಹೂವನ್ನು ತಿರುಗಿಸಿ ತೊಟ್ಟಿನ ಕಡೆಯ ಬಟ್ಟಲು ನೋಡಿ. ಅದು ಕಪ್ಪುಗಂದು ಬಣ್ಣದ ಮಖಮಲ್ಲಿನಂತಿದ್ದು, ಹೂವಿನ ಕೆಳಗಿನ ಎಸಳು ಗಿಳಿಯ ಕೊಕ್ಕಿನ ಹಾಗೆ ಬಾಗಿದ್ದರೆ ಮುತ್ತುಗ. ಹಾಲುವಾಣದಲ್ಲಿ ಮೇಲಿನ ಒಂದೇ ಎಸಳು ದೊಡ್ಡದು, ಉಳಿದವು ಪುಟ್ಟವು. ಕೊಂಬೆಯಲ್ಲಿ ಚಿಕ್ಕ ಮುಳ್ಳೂ ಇರುತ್ತವೆ. ಮುತ್ತುಗಕ್ಕೆ ಮುಳ್ಳಿಲ್ಲ. ಮುತ್ತುಗದ ಅಡಿಯಲ್ಲಿ ಹೋದ ವರ್ಷದ ಒಣಗಿದ ಎಲೆ ಸಿಕ್ಕರೆ ಮುಟ್ಟಿ ನೋಡಿ, ಚರ್ಮದ ಹಾಗೆ ಗಟ್ಟಿ. ಊಟದ ಎಲೆ ಹಚ್ಚುವುದು ಇದರಲ್ಲೇ ಅಲ್ವಾ?

ಶಿರಸಿ ಕಡೆಯ ನಿತ್ಯಹಸಿರು ಕಾಡಿನಲ್ಲಿ ಕಣ್ಣಿಗಿಂತ ಮೂಗು ಮುಂದೆ ಹೋಗುತ್ತದೆ. ಸುರಗಿ ಹೂ ಬಿಡುವುದು ಎಲೆ ಇರುವ ತುದಿಯಲ್ಲಲ್ಲ, ಬಲಿತ ಕೊಂಬೆಯ ಮೈಗೆ ಅಂಟಿಕೊಂಡು. ಬಿಳಿ ಎಸಳು ನಾಲ್ಕೇ, ಒಳಗೆಲ್ಲ ಹಳದಿ ಕೇಸರ. ಒಣಗಿದರೂ ವಾಸನೆ ಹೋಗದು, ಅದಕ್ಕೇ ಮಲೆನಾಡಿನ ಹೆಂಗಸರು ಸರ ಮಾಡಿ ಇಟ್ಟುಕೊಳ್ಳುತ್ತಾರೆ. ಹಳ್ಳದ ಬದಿಯಲ್ಲಿ ಕಾಂಡದ ಮೇಲೇ ಕಿತ್ತಳೆ ಗೊಂಚಲು ಕಂಡರೆ ಅದು ಸೀತಾ ಅಶೋಕ. ನೀವು ಎಸಳು ಎಂದುಕೊಳ್ಳುವುದು ಎಸಳಲ್ಲ, ಬಣ್ಣ ಬಂದ ಬಟ್ಟಲಿನ ಭಾಗ. ಈ ಹೂವಿಗೆ ಎಸಳೇ ಇಲ್ಲ. ಬೆಂಗಳೂರಿನ ಕಾಂಪೌಂಡುಗಳಲ್ಲಿ ಕಂಬದ ಹಾಗೆ ನಿಂತಿರುವ 'ಅಶೋಕ' ಬೇರೆ ಮರ.

ಈಗ ನಿಮ್ಮ ಫೋಟೊ. ಆ್ಯಪ್ ತಪ್ಪಿದೆ. ಬಿಳಿ ಐದು ಎಸಳಿನ ನಡುವೆ ದಾರದ ಕುಚ್ಚಿನಂಥ ಬಿಳಿ ಎಳೆಗಳು ಕಾಣುತ್ತಿವೆ ನೋಡಿ. ಕೊಡಸಿಗೆಯಲ್ಲಿ ಆ ಕುಚ್ಚು ಇರುವುದಿಲ್ಲ, ನಡುಭಾಗ ಬರೀ ಸಣ್ಣ ತೂತು. ಇದು ಹಾಲೆ ಮರ, ಚನ್ನಪಟ್ಟಣದ ಬೊಂಬೆ ಮಾಡುವ ಮರ. ಎಲೆ ಮುರಿದರೆ ಎರಡರಲ್ಲೂ ಹಾಲು ಬರುತ್ತದೆ, ಆದ್ದರಿಂದ ಹಾಲು ನಂಬಬೇಡಿ. ಜೋಡಿ ಕಾಯಿ ನೋಡಿ. ಹಾಲೆಯ ಎಳೆ ಕಾಯಿಗಳ ತುದಿ ಒಂದಕ್ಕೊಂದು ಅಂಟಿರುತ್ತದೆ, ಕೊಡಸಿಗೆಯದ್ದು ಬಿಡಿ ಬಿಡಿ. ಮುಂದಿನ ಸಲ ಹೂವಿನ ಮುಖದ ಜೊತೆ ಅದರ ಬೆನ್ನು, ಎಲೆ, ತೊಗಟೆ ಎಲ್ಲದರ ಫೋಟೊ ತೆಗೆಯಿರಿ. ಆ್ಯಪ್‌ಗೂ ಸುಲಭ, ನನಗೂ ಸುಲಭ.

ಹೊರಡುವ ಮೊದಲು ಒಂದು ಮಾತು. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಕೆಲವು ಚಾರಣದ ದಾರಿಗಳನ್ನು ಮುಚ್ಚುತ್ತಾರೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಅನುಮತಿ ಪಡೆದೇ ಹೋಗಿ. ಇದು ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಮೈಗೆ ಅಂಟಿ ರಕ್ತ ಹೀರುವ ಉಣುಗಿನಿಂದ ಬರುತ್ತದೆ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ತರಗೆಲೆ ಮೇಲೆ ಸುಮ್ನೆ ಕೂರಬೇಡಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ಹೇಳಿ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಿ.

ಅಂದ ಹಾಗೆ, ಆ್ಯಪ್ ಮಾತು ನಂಬಿ ಆ ಬಿಳಿ ಹೂವನ್ನು ಒಣಗಿಸಿ ಕೊಡಸಿಗೆ ತಂಬುಳಿ ಮಾಡಿಲ್ಲ ತಾನೆ?