ಮಾಲ್ಟಾದಲ್ಲಿ ಮುಳುಗಿರುವ ಎಕ್ಸ್127 ದೋಣಿಯ ಒಳಗೆ ಹೋಗಲು ಯಾವ ಟಾರ್ಚ್ ಒಳ್ಳೆಯದು?

ನೇತ್ರಾಣಿಯಲ್ಲಿ ಓಪನ್ ವಾಟರ್ ಅನ್ನುವ ಸ್ಕೂಬಾ ಡೈವಿಂಗಿನ ಮೊದಲ ಕೋರ್ಸ್ ಮುಗಿದಿದೆ, ಮಾಲ್ಟಾ ಟಿಕೆಟ್ ಆಗಿದೆ, ಟಾರ್ಚ್ ಒಂದೇ ಬಾಕಿ ಅಂತ ಕೇಳಿದ್ದೀರಿ. ನಾನೂ ಹೀಗೇ ಹೊರಟವನು. ಭಾರಿ ಟಾರ್ಚನ್ನೇ ಕೊಂಡಿದ್ದೆ. ಅದು ಕೈಕೊಡಲಿಲ್ಲ. ಕೈಕೊಟ್ಟಿದ್ದು ಕಾಲು.

1915ರಲ್ಲಿ ಟರ್ಕಿಯ ಗಲ್ಲಿಪೋಲಿ ದಡಕ್ಕೆ ಸೈನಿಕರನ್ನು ಇಳಿಸಲು ಬ್ರಿಟಿಷರು ಕಟ್ಟಿಸಿದ ಚಪ್ಪಟೆ ತಳದ ದೋಣಿ ಈ ಎಕ್ಸ್127. 1942ರಲ್ಲಿ ಮಾಲ್ಟಾದ ಮನೋಯೆಲ್ ದ್ವೀಪದ ಪಕ್ಕ ಬಾಂಬಿಗೆ ಸಿಕ್ಕಿ ಮುಳುಗಿತು. ಮೂತಿ ಸುಮಾರು 5 ಮೀಟರಿನಲ್ಲಿ, ಹಿಂಭಾಗ 22ರ ಹತ್ತಿರ. ದಡದಿಂದಲೇ ಇಳಿಯಬಹುದು. ಅದಕ್ಕೇ ಎಲ್ಲರಿಗೂ ಸಲೀಸು ಅನಿಸುತ್ತದೆ.

ಬಾಡಿಗೆಯ ವೆಟ್‌ಸೂಟ್, ಅಂದರೆ ಚಳಿ ತಡೆಯುವ ರಬ್ಬರ್ ಉಡುಪು, ದಪ್ಪಗಿತ್ತು; ದಪ್ಪ ಇದ್ದಷ್ಟೂ ಅದು ತೇಲಿಸುತ್ತದೆ. ಮುಳುಗದಿದ್ದರೆ ಮಾನ ಹೋಗುತ್ತದೆ ಅಂತ ಸೊಂಟದ ಬೆಲ್ಟಿಗೆ ಸುಮ್ನೆ 2 ಕಿಲೋ ಸೀಸ ಜಾಸ್ತಿ ಹಾಕಿಸಿಕೊಂಡೆ. ನನ್ನ ತಪ್ಪು ಅದೇ, ಅದೊಂದೇ. ಭಾರ ಜಾಸ್ತಿ ಆದರೆ, ತೇಲಲು ಹಾಕಿಕೊಳ್ಳುವ ಜಾಕೆಟ್ಟಿಗೆ ಗಾಳಿಯೂ ಜಾಸ್ತಿ ತುಂಬಬೇಕು. ಗಾಳಿ ಎದೆಯನ್ನು ಮೇಲಕ್ಕೆ ಎಳೆಯುತ್ತದೆ, ಸೀಸ ಸೊಂಟವನ್ನು ಕೆಳಕ್ಕೆ. ಮೈ ಅಡ್ಡ ಮಲಗುವುದಿಲ್ಲ, ಓರೆಯಾಗಿ ನಿಲ್ಲುತ್ತದೆ. ಆಗ ಕಾಲಿಗೆ ಹಾಕಿದ ಈಜುರೆಕ್ಕೆ, ಅಂದರೆ ಫಿನ್ನು, ಹಿಂದಕ್ಕಲ್ಲ, ನೆಲಕ್ಕೆ ಒದೆಯುತ್ತದೆ. ನೇತ್ರಾಣಿಯ ಬಂಡೆಗಳ ಮೇಲೆ ಹೀಗೆ ಒದ್ದರೂ ನಡೆದಿತ್ತು. ಇದು ಬಂದರಿನ ತಳ. ಕೆಸರು ರಾಗಿ ಹಿಟ್ಟಿನಷ್ಟು ನುಣುಪು.

ಹಿಂದಿನ ಕೋಣೆಯೊಳಗೆ ನುಗ್ಗಿ ನಾಲ್ಕು ಸಲ ಒದ್ದೆ ಅಷ್ಟೇ. ಕೆಸರೆದ್ದು ಬಾಗಿಲು ಮಾಯ. ಟಾರ್ಚ್ ಹಾಕಿದರೆ ಚಾರ್ಮಾಡಿ ಮಂಜಿನಲ್ಲಿ ಹೈಬೀಮ್ ಹಾಕಿದ ಹಾಗೆ, ಬೆಳಕೆಲ್ಲ ಮುಖಕ್ಕೇ ವಾಪಸ್. ಗಾಬರಿಗೆ ಇನ್ನಷ್ಟು ಒದ್ದೆ. ಗಾಳಿ ಎಷ್ಟು ಉಳಿದಿದೆ ಅಂತ ಗೇಜು ನೋಡೋಣ ಅಂದರೆ ಕಣ್ಣಿಗೆ ಒತ್ತಿ ಹಿಡಿದರೂ ಕಾಣದು. ಹೊರಗಿದ್ದ ಗೈಡ್ ತಡಕಾಡಿ ಕಾಲು ಹಿಡಿದು ಎಳೆದರು. ಒಂದು ನಿಮಿಷವೂ ಆಗಿರಲಿಲ್ಲವಂತೆ. ನಂಬಿಕೆಯೇ ಬರಲಿಲ್ಲ.

ಆದ್ದರಿಂದ ಟಾರ್ಚ್ ಪ್ರಶ್ನೆಯನ್ನೇ ಬಿಡಿ. ನೀವು ಒಳಗೆ ಹೋಗಬಾರದು. ನಿಮ್ಮ ಸರ್ಟಿಫಿಕೇಟಿನ ಮಿತಿ 18 ಮೀಟರ್, ಮುಚ್ಚಿದ ಜಾಗಕ್ಕಂತೂ ಅದು ನಡೆಯುವುದೇ ಇಲ್ಲ. ಗೈಡ್ ಜೊತೆ ಹೋದರೆ ಪರವಾಗಿಲ್ಲ ಅಂತೀರೇನೋ. ನಾನೂ ಗೈಡ್ ಜೊತೆಗೇ ಹೋಗಿದ್ದು, ಅಲ್ವಾ? ಮೂತಿಯ ಕಡೆ ಹೊರಗಿನಿಂದ ನಿಧಾನ ನೋಡಿ, ಕಿಂಡಿಯಲ್ಲಿ ಇಣುಕಿ. ಅದಕ್ಕೆ ಬಾಡಿಗೆಯ ಸಣ್ಣ ಟಾರ್ಚ್ ಸಾಕು. ಉಳಿದ ದುಡ್ಡಲ್ಲಿ ನೀರೊಳಗೆ ತೇಲುವುದನ್ನು ಸರಿಯಾಗಿ ಕಲಿಸುವವರ ಹತ್ತಿರ ಎರಡು ದಿನ ಕಲಿಯಿರಿ. ಮೊದಲ ದಿನವೇ ಬೆಲ್ಟಿನಿಂದ ಎಷ್ಟು ಸೀಸ ಬಿಚ್ಚಿಸಬಹುದು ಅಂತ ಕೇಳಿ.

ನನ್ನ ಟಾರ್ಚ್ ಈಗ ಊರಲ್ಲಿದೆ. ಕರೆಂಟ್ ಹೋದಾಗ ಅಮ್ಮ ಕೊಟ್ಟಿಗೆಗೆ ಹಿಡಿದುಕೊಂಡು ಹೋಗುತ್ತಾಳೆ.